10 ಸೆಕೆಂಡಿಗೆ 13 ಸಲ

12 ಮಾರ್ಚ್ 2025, ಬುಧವಾರ

ಇವತ್ತು ಡಾಕ್ಟರ್ ಅಪ್ಪನ ಕತ್ತಿನ ಎಂಆರ್‌ಐ ನೋಡುವುದಕ್ಕೆ ಮೊದಲು ಅವರ ಕೈ ನೋಡಿದರು. "ಮುಷ್ಟಿ ಕಟ್ಟಿ, ಬಿಡಿ. ಆದಷ್ಟು ಬೇಗ ಬೇಗ" ಅಂದು ಗಡಿಯಾರ ಹಿಡಿದು ಕೂತರು. 10 ಸೆಕೆಂಡಿನಲ್ಲಿ ಸುಮಾರು 20 ಸಲವಾದರೂ ಆಗಬೇಕಂತೆ. ಅಪ್ಪನಿಗೆ ಆಗಿದ್ದು 13. ಬೆರಳುಗಳಿಗೆ ಅಂಟು ಮೆತ್ತಿದ ಹಾಗೆ, ಬಿಚ್ಚಿಕೊಳ್ಳುವುದೇ ನಿಧಾನ. ಆಮೇಲೆ ಬೆರಳು ಜೋಡಿಸಿ ಕೈ ಚಾಚಲು ಹೇಳಿದರು. ಕಿರುಬೆರಳು ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿದು ಅಲ್ಲೇ ನಿಂತಿತು. ಅಪ್ಪ ಅದನ್ನೇ ನೋಡುತ್ತಿದ್ದರು, ಅದು ಬೇರೆ ಯಾರದ್ದೋ ಬೆರಳು ಅನ್ನುವ ಹಾಗೆ.

ಒಂದು ವರ್ಷದಿಂದ ಅವರಿಗೆ ಅಂಗಿಯ ಗುಂಡಿ ಹಾಕಲು ಕಷ್ಟ. ಸಹಿಯೂ ಬದಲಾಗಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿದೆ ಅಂತ ಪಟ್ಟಿ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಕಳೆದೆವು. ಕತ್ತು ನೋವು ಒಂದು ದಿನವೂ ಇರಲಿಲ್ಲ, ಅದಕ್ಕೇ ಕತ್ತಿನ ಕಡೆ ಯಾರಿಗೂ ಗಮನ ಹೋಗಲಿಲ್ಲ. ಕತ್ತಲಲ್ಲಿ ಓಲಾಡುತ್ತಾ ನಡೆಯುವುದನ್ನು ವಯಸ್ಸಿನ ಮೇಲೆ ಹಾಕಿಬಿಟ್ಟೆವು. ಅದು ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ರಿಪೋರ್ಟ್ ಓದಿ ನನಗೆ ಗಾಬರಿಯಾಯಿತು. "ಸಿ5-ಸಿ6ರಲ್ಲಿ ಡಿಸ್ಕ್ ಉಬ್ಬಿ ಬೆನ್ನುಹುರಿ ಒತ್ತಿದೆ." ಅಂದರೆ ಕತ್ತಿನ ಐದನೇ, ಆರನೇ ಮೂಳೆಗಳ ನಡುವಿನ ಮೆತ್ತೆ ಉಬ್ಬಿ ಹುರಿಯನ್ನು ಒತ್ತುತ್ತಿದೆ. ಎರಡು ವರ್ಷದ ಹಿಂದೆ ಕತ್ತು ನೋವಿಗೆ ಮಾಡಿಸಿದ ನನ್ನ ರಿಪೋರ್ಟಿನಲ್ಲೂ ಇದೇ ಸಾಲು ಇತ್ತು! ನನ್ನ ಕೈಕಾಲು ಸರಿಯಾಗಿವೆ ಅಂತ ಆಗ ಆಪರೇಷನ್ ಬೇಡ ಅಂದಿದ್ದರು. ನಲವತ್ತು ದಾಟಿದವರ ಕತ್ತನ್ನು ಸ್ಕ್ಯಾನ್ ಮಾಡಿದರೆ ಇಂಥದ್ದು ಎಷ್ಟೋ ಜನರಲ್ಲಿ ಕಾಣುತ್ತದೆ, ತೊಂದರೆ ಏನೂ ಇರುವುದಿಲ್ಲ.

ಅಪ್ಪನದರಲ್ಲಿ ಇನ್ನೊಂದು ವಿಷಯ ಇದೆ. ಟಿ2 ಅನ್ನುವ ಬಗೆಯ ಸ್ಕ್ಯಾನ್ ಚಿತ್ರದಲ್ಲಿ, ಒತ್ತಿದ ಜಾಗದಲ್ಲಿ, ಹುರಿಯ ಒಳಗೇ ಒಂದು ಬಿಳಿ ಮಚ್ಚೆ. ಹುರಿಗೇ ಪೆಟ್ಟಾಗಿರುವ ಗುರುತು ಅದು. ಟಿ1 ಅನ್ನುವ ಇನ್ನೊಂದು ಬಗೆಯ ಚಿತ್ರದಲ್ಲಿ ಅದೇ ಜಾಗ ಕಪ್ಪಾಗಿದ್ದರೆ ಮರಳಿ ಸರಿಹೋಗುವುದು ಕಷ್ಟವಂತೆ. ಅಪ್ಪನಿಗೆ ಅದಿಲ್ಲ. ಆದರೆ ಮಚ್ಚೆ ಎಷ್ಟು ದೊಡ್ಡದು ಅಂತ ಅಳೆದು ಕೈ ಎಷ್ಟು ಕೆಟ್ಟಿದೆ ಅಂತ ಹೇಳಲಾಗದು. ಸ್ಕ್ಯಾನ್ ಮಾಡುವಾಗ ನಾವು ಅಲುಗಾಡದೆ ಮಲಗಿರುತ್ತೇವೆ, ಅಲ್ವಾ? ಕತ್ತು ಹಿಂದಕ್ಕೆ ಬಾಗಿಸಿದಾಗ ಹಿಂಭಾಗದಲ್ಲಿ ಮೂಳೆಗಳನ್ನು ಜೋಡಿಸುವ, ದಪ್ಪಗಾದ ಕಟ್ಟು (ಲಿಗಮೆಂಟ್) ಮಡಿಸಿಕೊಂಡು ಒಳಗೆ ಬರುತ್ತದೆ, ಹುರಿಯ ಜಾಗ ಇನ್ನೂ ಕಿರಿದಾಗುತ್ತದೆ. ಮಲಗಿಸಿ ತೆಗೆದ ಚಿತ್ರದಲ್ಲಿ ಅದು ಸಿಗುವುದಿಲ್ಲ.

ಅದಕ್ಕೇ ಡಾಕ್ಟರ್ ಕೈ, ನಡಿಗೆ, ಸ್ಪರ್ಶ, ಮೂತ್ರ ಎಲ್ಲ ಕೇಳಿ 18ಕ್ಕೆ ಅಂಕ ಹಾಕಿದರು; ಅಂಕ ಕಡಿಮೆಯಾದಷ್ಟೂ ತೊಂದರೆ ಹೆಚ್ಚು. ಅಪ್ಪನಿಗೆ 13, ಅಂದರೆ ಮಧ್ಯಮ. ಈ ಹಂತದಲ್ಲಿ ಆಪರೇಷನ್ನೇ ಸರಿ ಅಂದರು. ಮೊದಲ ಗುರಿ ಇನ್ನು ಮುಂದೆ ಕೆಡದಂತೆ ತಡೆಯುವುದು. ಹೋದದ್ದು ಎಷ್ಟು ವಾಪಸ್ ಬರುತ್ತದೋ ಮಾತು ಕೊಡಲಾಗದು ಅಂತಲೂ ಹೇಳಿದರು. ಮುಚ್ಚಿಡದೆ ಹೇಳಿದ್ದು ಒಳ್ಳೆಯದೇ ಆಯಿತು.

ರಾತ್ರಿ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಎಲ್ಲಿ, ನಿನ್ನ ಕೈ ತೋರಿಸು" ಅಂದು ಗಡಿಯಾರ ಹಿಡಿದು ಜೋರಾಗಿ ಎಣಿಸಿದರು. 24 ಆಯಿತು. "ಇನ್ನೊಂದು ಕೈ" ಅಂದರು.