ಲಾಗಿನ್ ಆಗುತ್ತದೆ, ಪಟ್ಟಿ ಬರುವುದಿಲ್ಲ

ಹಳೆಯ ಫೋಟೋಗಳನ್ನು ಸರ್ವರ್‌ಗೆ ಏರಿಸಲು ಕುಳಿತಾಗಲೆಲ್ಲ ಎಫ್‌ಟಿಪಿಯ, ಅಂದರೆ ಸರ್ವರ್‌ಗೂ ನಮ್ಮ ಕಂಪ್ಯೂಟರಿಗೂ ನಡುವೆ ಕಡತ ಸಾಗಿಸುವ ವಿಧಾನದ, ಈ ಹಟವನ್ನು ನೋಡಿದ್ದೇನೆ. ಹೆಸರು, ಪಾಸ್‌ವರ್ಡ್ ಎರಡನ್ನೂ ಒಪ್ಪಿಕೊಳ್ಳುತ್ತದೆ; ಫೋಲ್ಡರ್‌ಗಳ ಪಟ್ಟಿ ಕೇಳಿದೊಡನೆ ಬಾಯಿ ಮುಚ್ಚುತ್ತದೆ. ಕೊನೆಗೆ 425 ಎಂಬ ಸಂಕೇತ, ಅಂದರೆ ಕಡತ ಸಾಗಿಸುವ ಸಂಪರ್ಕ ತೆರೆಯಲಾಗಲಿಲ್ಲ ಎಂಬ ಉತ್ತರ, ಬಂದರೆ ನಾನು ಪಾಸ್‌ವರ್ಡಿನ ತಂಟೆಗೇ ಹೋಗುವುದಿಲ್ಲ. ಅದು ತಪ್ಪಾಗಿದ್ದರೆ 530 ಬರುತ್ತಿತ್ತು.

ಎಫ್‌ಟಿಪಿಗೆ ಎರಡು ಸಂಪರ್ಕಗಳು ಬೇಕು. ಆಜ್ಞೆಗಳು ಸಾಮಾನ್ಯವಾಗಿ 21ನೇ ಪೋರ್ಟ್‌ನಲ್ಲಿ, ಅಂದರೆ ಸರ್ವರ್‌ನ ಆ ಸಂಖ್ಯೆಯ ಬಾಗಿಲಿನಲ್ಲಿ, ಹೋಗುತ್ತವೆ. ಪಟ್ಟಿಗೂ ಕಡತಗಳಿಗೂ ಬೇರೆಯೇ ದಾರಿ. ಆಕ್ಟಿವ್ ವಿಧಾನದಲ್ಲಿ ಆ ಎರಡನೆಯ ಸಂಪರ್ಕವನ್ನು ಸರ್ವರ್ ತಾನೇ ನಮ್ಮ ಕಂಪ್ಯೂಟರಿನತ್ತ ತೆರೆಯಲು ಬರುತ್ತದೆ. ಮನೆಯ ರೂಟರ್ ಕರೆಯದೆ ಬಂದವರನ್ನು ಒಳಗೆ ಬಿಡುವ ಕಾವಲುಗಾರನಲ್ಲ. ಆದ್ದರಿಂದ ಮೊದಲು ನಾನು ಎಫ್‌ಟಿಪಿಗೆ ಬಳಸುವ ತಂತ್ರಾಂಶ ಫೈಲ್‌ಜಿಲ್ಲಾದ ಸೆಟ್ಟಿಂಗ್ಸ್‌ನಲ್ಲಿ ಪ್ಯಾಸಿವ್ ವಿಧಾನವನ್ನು ಆಯ್ದುಕೊಳ್ಳುತ್ತೇನೆ. ಆಗ ಎರಡೂ ಸಂಪರ್ಕಗಳು ನಮ್ಮ ಕಡೆಯಿಂದಲೇ ಹೊರಡುತ್ತವೆ. ಬಹುಪಾಲು ತಕರಾರು ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಮೂಲಕ ನೋಡುತ್ತೇನೆ. ಅದರಲ್ಲಿ ಸರಿಹೋದರೆ ಅನುಮಾನ ರೂಟರ್ ಕಡೆಗೆ, ಇಲ್ಲವಾದರೆ ಕಂಪ್ಯೂಟರಿನ ಫೈರ್‌ವಾಲ್ ಅಥವಾ ಸರ್ವರ್ ಕಡೆಗೆ. ಫೈರ್‌ವಾಲನ್ನೇ ಪೂರ್ತಿ ನಿಲ್ಲಿಸಿಬಿಡಿ ಎಂಬ ಸಲಹೆ ಕೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಆ ಒಂದು ತಂತ್ರಾಂಶಕ್ಕೆ ಅನುಮತಿ ಕೊಟ್ಟರೆ ಸಾಕಲ್ಲ!

ಸರ್ವರ್‌ನಲ್ಲಿ ಎಸ್‌ಎಫ್‌ಟಿಪಿ ಎಂಬ ಬೇರೊಂದು ಸುರಕ್ಷಿತ ವಿಧಾನ ಇದ್ದರೆ ನಾನು ಇಷ್ಟೆಲ್ಲ ಹೆಣಗುವುದೇ ಇಲ್ಲ. ಸಾಮಾನ್ಯವಾಗಿ 22ನೇ ಪೋರ್ಟ್, ಒಂದೇ ಸಂಪರ್ಕ, ಪಾಸ್‌ವರ್ಡೂ ಗೂಢಲಿಪಿಯಲ್ಲೇ ಸಾಗುತ್ತದೆ.