ಗ್ಯುಮ್ರಿಯ ಅಕ್ಕ-ತಂಗಿಯರ ಬಣ್ಣದ ಮನೆ

ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಿಂದ, ಇಬ್ಬರು ಚಿತ್ರಕಾರ ಸೋದರಿಯರ ಗ್ಯಾಲರಿ ಇರುವ ಗ್ಯುಮ್ರಿ ಊರಿಗೆ ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್. ಕಿಲಿಕಿಯಾ ಬಸ್ ನಿಲ್ದಾಣದ ಮರ್ಶ್ರುತ್ಕಾ ವ್ಯಾನುಗಳು ಸೀಟು ತುಂಬಿದರೇನೇ ಹೊರಡುವುದು. ಹೊರಟ ಮೇಲೆ ಎರಡು ಗಂಟೆಯ ದಾರಿ. ಬಲಗಡೆ ಕೂತರೆ ಅರಗಾತ್ಸ್ ಪರ್ವತ ಬಹಳ ಹೊತ್ತು ಜೊತೆಗಿರುತ್ತದೆ. ರೈಲು ಅರ್ಮಾವಿರ್ ಮೇಲೆ, ಟರ್ಕಿ ಗಡಿಯ ಹತ್ತಿರದಲ್ಲಿ ಸುತ್ತಿಕೊಂಡು ಬರುತ್ತದೆ. ಅದರಲ್ಲಿ ಎಡಗಡೆಯ ಕಿಟಕಿ ಹಿಡಿಯಬೇಕು, ಮೋಡವಿಲ್ಲದಿದ್ದರೆ ಅರಾರಾತ್ ಪರ್ವತ ಕಾಣುತ್ತದೆ. ಸೋಮವಾರ ಮಾತ್ರ ಬೇಡ. ಅರ್ಮೇನಿಯಾದ ಬಹುತೇಕ ಮ್ಯೂಸಿಯಂಗಳಿಗೆ ಅಂದು ರಜೆ. ಊರು 1500 ಮೀಟರ್ ಎತ್ತರದಲ್ಲಿದೆ, ಬೇಸಿಗೆಯಲ್ಲೂ ಸಂಜೆಗೊಂದು ಸ್ವೆಟರ್ ಬೇಕು.

ಅಬೋವ್ಯಾನ್ ಬೀದಿಯ 19ನೇ ಶತಮಾನದ ಮನೆಯೊಂದರಲ್ಲಿ ಮರಿಯಮ್ ಮತ್ತು ಯೆರಾನುಹಿ ಅಸ್ಲಮಜ್ಯಾನ್ ಸೋದರಿಯರ ಗ್ಯಾಲರಿ ಇದೆ. 1987ರಲ್ಲಿ ಬಾಗಿಲು ತೆರೆಯಿತು. ಮರುವರ್ಷ ಡಿಸೆಂಬರ್ 7ರ ಭೂಕಂಪ ಊರನ್ನು ಕೆಡವಿತು. ಸೋದರಿಯರು ತಮ್ಮ ಸೀಮೆಗೆ ಕೊಟ್ಟ 600ಕ್ಕೂ ಹೆಚ್ಚು ಕೃತಿಗಳು ಇಂದಿಗೂ ಇಲ್ಲಿವೆ.

ಅಕ್ಕ ಮರಿಯಮ್ ಹುಟ್ಟಿದ್ದು 1907ರಲ್ಲಿ, ಹತ್ತಿರದ ಬಾಷ್-ಶಿರಾಕ್ ಹಳ್ಳಿಯಲ್ಲಿ. ಲೆನಿನ್‌ಗ್ರಾಡ್‌ನಲ್ಲಿ ರಷ್ಯನ್ ಚಿತ್ರಕಾರ ಪೆತ್ರೋವ್-ವೋದ್ಕಿನ್ ಬಳಿ ಕಲಿತರು, 2006ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ತಂಗಿ ಯೆರಾನುಹಿ 1998ರವರೆಗೆ ಬದುಕಿದ್ದರು.

ಇವರನ್ನು ಅಮೂರ್ತ ಚಿತ್ರಕಾರರು, ಅಂದರೆ ವಸ್ತುವನ್ನು ಬಿಟ್ಟು ಬರೀ ಬಣ್ಣ-ಆಕಾರಗಳನ್ನು ಚಿತ್ರಿಸುವವರು, ಎನ್ನಲಾಗದು. ಆದರೆ ಅಮೂರ್ತ ಕಲೆಗೆ ಜಾಗವೇ ಇಲ್ಲದ ಸೋವಿಯತ್ ಕಾಲದಲ್ಲಿ ಬರೀ ಬಣ್ಣಕ್ಕಾಗಿ ಬಣ್ಣ ಬಳಿಯಲು ಹಣ್ಣು, ಹೂದಾನಿ, ರತ್ನಗಂಬಳಿಗಳೇ ದಾರಿಯಾದವು. ಮರಿಯಮ್ ಬಿಡಿಸಿದ, ಜೋಡಿಸಿಟ್ಟ ವಸ್ತುಗಳ ಚಿತ್ರವೊಂದನ್ನು ಮೊದಲು ಆರು ಹೆಜ್ಜೆ ದೂರದಿಂದ ನೋಡಿ: ಮೇಜು, ದಾಳಿಂಬೆ, ಹಿಂದೆ ನೇತುಬಿಟ್ಟ ಕಂಬಳಿ. ಆಮೇಲೆ ಎರಡೇ ಹೆಜ್ಜೆ ದೂರ ಉಳಿಯುವಷ್ಟು ಹತ್ತಿರ ಹೋಗಿ. ನೆರಳು ತೀರಾ ಕಡಿಮೆ, ಆಳ ಇಲ್ಲವೇ ಇಲ್ಲ. ಕಂಬಳಿಯ ಕೆಂಪು ಮೇಜಿನ ಮೇಲಕ್ಕೆ ನುಗ್ಗಿಬಂದಂತೆ ಇರುತ್ತದೆ. ಹತ್ತಿರದಿಂದಷ್ಟೇ ನೋಡಿದರೆ ಅಲಂಕಾರ ಎನಿಸಿಬಿಡುತ್ತದೆ, ದೂರದಿಂದಷ್ಟೇ ನೋಡಿದರೆ ಹಣ್ಣಿನ ಬುಟ್ಟಿ. ಎರಡೂ ಅಳತೆ ಬೇಕು. ಗಾಜು ಹಾಕಿದ ಚಿತ್ರಗಳ ಮೇಲೆ ಕಿಟಕಿಯ ಬೆಳಕು ಬಿದ್ದರೆ ಬಣ್ಣ ಸತ್ತಂತೆ ಕಾಣುತ್ತದೆ. ಎದುರಿಗೆ ನಿಲ್ಲದೆ ಒಂದು ಪಕ್ಕಕ್ಕೆ ಸರಿಯಬೇಕು.

ಮರಿಯಮ್ ಭಾರತಕ್ಕೂ ಬಂದಿದ್ದರು, ಇಲ್ಲಿನ ಜನರನ್ನು ಚಿತ್ರಿಸಿದ್ದರು. ಅರ್ಮೇನಿಯಾದ ಕಂಬಳಿಗೆ ಹಚ್ಚಿದ ಅದೇ ದಿಟ್ಟ ಕೆಂಪು-ಹಳದಿಗಳು ಸೀರೆಗೂ ಇಳಿದಿವೆ. ನಮ್ಮ ಕಣ್ಣಿಗೆ ಅವು ಹೊರಗಿನವರು ಬಳಿದ ಬಣ್ಣದಂತೆ ತೋರುವುದಿಲ್ಲ.

ಗ್ಯಾಲರಿಯಲ್ಲಿರುವ ಸೋದರಿಯರ ಸೆರಾಮಿಕ್ ತಟ್ಟೆಗಳನ್ನು ಕೊನೆಗಿಟ್ಟುಕೊಳ್ಳಿ. ಕ್ಯಾನ್ವಾಸಿನ ವಿನ್ಯಾಸ ದುಂಡನೆಯ ಅಂಚಿಗೆ ಹೇಗೆ ಬಾಗುತ್ತದೆ ಎಂಬುದು ಚಿತ್ರಗಳನ್ನು ನೋಡಿದ ಮೇಲೆ ಹೊಳೆಯುತ್ತದೆ. ಒಟ್ಟು ಎರಡು ಗಂಟೆ ಸಾಕು. ಸಂಜೆಗೆ ಪ್ರಯಾಣಿಕರು ಕಡಿಮೆ, ವ್ಯಾನ್ ತುಂಬುವುದು ತಡವಾಗುತ್ತದೆ. ಹಗಲಲ್ಲೇ ನಿಲ್ದಾಣ ಸೇರಿಕೊಳ್ಳಿ.