ಗುಬ್ಬಿ ಕಡೆಯ ಹಳೇ ಮನೆ: ಹೆಂಚು ಇಳಿಯಿತು, ಈಗ ಮರದ ಲೆಕ್ಕ

ಪಡುವಣ ಕಡೆಯ ಹೆಂಚು ಪೂರ್ತಿ ಇಳಿದಿದೆ. ಮೂಡಣ ಕಡೆಯದು ಈ ವಾರ ಇಳಿಯುತ್ತದೆ. ಗುಬ್ಬಿ ತಾಲ್ಲೂಕಿನ ನಮ್ಮ ಹಳೇ ಮನೆಯ ಚಾವಣಿ ಕೆಲಸದ ಬಗ್ಗೆ ಹೋದ ಸಲ ಬರೆದಾಗ ತುಂಬಾ ಜನ ಕೇಳಿದ್ದು ಒಂದೇ, ಒಟ್ಟು ಎಷ್ಟಾಗುತ್ತದೆ ಅಂತ. ಈಗ ಅರ್ಧ ಕೆಲಸ ಕಣ್ಣಮುಂದಿದೆ, ಹಾಗಾಗಿ ಅಂದಾಜಿನ ಮಾತು ಬಿಟ್ಟು ಲೆಕ್ಕ ಹೇಳಬಹುದು.

ಮೊದಲು ಅಳತೆ. ಹೊರಗೋಡೆಯಿಂದ ಹೊರಗೋಡೆಗೆ 30ಕ್ಕೆ 20 ಅಡಿ, ಅಂದ್ರೆ ಆರು ಚದರ (ನೂರು ಚದರ ಅಡಿಗೆ ಒಂದು ಚದರ). ಎಲ್ಲರೂ ಇದನ್ನೇ ಹೇಳಿ ರೇಟ್ ಕೇಳುತ್ತಾರೆ. ಆದರೆ ಸೂರು ಸುತ್ತಲೂ ಒಂದೂವರೆ ಅಡಿ ಹೊರಗೆ ಚಾಚಿರುತ್ತದೆ, ಅಲ್ಲಿಗೇ 33ಕ್ಕೆ 23 ಆಯಿತು. ಅದರ ಮೇಲೆ ಇಳಿಜಾರು ಬೇರೆ. 30 ಡಿಗ್ರಿ ಇಳಿಜಾರಿಗೆ ನೆಲದ ಅಳತೆಗಿಂತ ಶೇಕಡ 15ರಷ್ಟು ಜಾಸ್ತಿ ಹಿಡಿಯಬೇಕು. ಎಲ್ಲ ಸೇರಿ 880 ಚದರ ಅಡಿಯ ಹತ್ತಿರ ಬಂತು. ಆರು ಚದರದ ಮನೆಗೆ ಒಂಬತ್ತು ಚದರಕ್ಕೆ ಸ್ವಲ್ಪ ಕಮ್ಮಿ ಚಾವಣಿ. ಈ ಲೆಕ್ಕ ಮನೆಯವರೇ ಟೇಪು ಹಿಡಿದು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕೊನೆಗೆ ಬಿಲ್ ನೋಡಿ ಜಗಳ ಆಗುತ್ತದೆ.

ಮಂಗಳೂರು ಹೆಂಚು ಚದರ ಮೀಟರಿಗೆ 15ರಿಂದ 16 ಕೂರುತ್ತದೆ. ಒಂದು ಚದರಕ್ಕೆ 150 ಅಂತ ಹಿಡಿದರೆ ಒಡೆಯುವುದಕ್ಕೂ ಸ್ವಲ್ಪ ಸೇರಿಕೊಳ್ಳುತ್ತದೆ. ನಮಗೆ 1,300ರ ಆಸುಪಾಸು ಬೇಕು.

ಇಬ್ಬರು ಮೇಸ್ತ್ರಿಗಳು ಬಂದು ನೋಡಿದ್ದರು. ಒಬ್ಬರು 1.4 ಲಕ್ಷ ಅಂದರು, ಇನ್ನೊಬ್ಬರು 2.1 ಲಕ್ಷ. ಮನೆಯಲ್ಲಿ ಎಲ್ಲರೂ ಮೊದಲನೆಯವರ ಕಡೆಗೇ ವಾಲಿದರು. ಎರಡೂ ಚೀಟಿ ಪಕ್ಕಪಕ್ಕ ಇಟ್ಟು ಓದಿದ ಮೇಲೆ ವಿಷಯ ಗೊತ್ತಾಯಿತು. ಮೊದಲನೆಯದರಲ್ಲಿ ಹೆಂಚು ಇದೆ, ಕೂಲಿ ಇದೆ, ಮರದ ಜಾಗದಲ್ಲಿ 'ನೋಡಿಕೊಂಡು ಆಮೇಲೆ' ಅಂತ ಇದೆ. ಚಾವಣಿಯ ಖರ್ಚು ನಿಜವಾಗಿ ನಿರ್ಧಾರ ಆಗುವುದೇ ಆ 'ಆಮೇಲೆ'ಯಲ್ಲಿ. ಹೆಂಚಿನ ರೇಟ್ ಯಾರು ಬೇಕಾದರೂ ಫೋನಿನಲ್ಲಿ ಹೇಳುತ್ತಾರೆ, ಹೆಂಚಿನ ಕೆಳಗೆ ಏನು ಕೊಳೆತಿದೆ ಅನ್ನುವುದನ್ನು ಯಾರೂ ಕೆಳಗೆ ನಿಂತು ಹೇಳಲಾರರು.

ಅದಕ್ಕೇ ಒಪ್ಪಂದಕ್ಕೆ ಮುಂಚೆ ಏಣಿ ಹಾಕಿ ಸೂರಿನ ಹತ್ತಿರ ಎರಡು ಮೂರು ಸಾಲು ಹೆಂಚು ತೆಗೆಸಿದೆ. ನಮ್ಮ ಜಂತೆಗಳು, ಅಂದ್ರೆ ಚಾವಣಿ ಹೊರುವ ಇಳಿಜಾರು ತೊಲೆಗಳು, ಬಲಿತ ತೆಂಗಿನ ಮರದವು, ಈ ಕಡೆ ಹಳೇ ಮನೆಗಳಲ್ಲಿ ಜಾಸ್ತಿ ಅದೇ. ನಡುಭಾಗ ಇನ್ನೂ ಕಬ್ಬಿಣದಂತಿದೆ, ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಆದರೆ ಜಂತೆ ಗೋಡೆಯ ಮೇಲೆ ಕೂರುವ ತುದಿ ಇದೆಯಲ್ಲ, ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಸಲೀಸಾಗಿ ಹೋಯಿತು. ಎಳೆದಾಗ ಜೊತೆಗೆ ಕಂದು ಹಿಟ್ಟು ಉದುರಿತು. ಮೇಲ್ಮೈ ಮಾತ್ರ ನೆಟ್ಟಗಿತ್ತು, ಒಳಗೆಲ್ಲ ಗೆದ್ದಲು ತಿಂದು ಮಣ್ಣು ತುಂಬಿತ್ತು. ಗೋಡೆಯೂ ಮಣ್ಣಿನದೇ, ಸೋರಿದ ನೀರು ಅಲ್ಲೇ ನಿಲ್ಲುತ್ತದೆ, ಗೆದ್ದಲು ಅಲ್ಲಿಂದಲೇ ಹತ್ತುತ್ತದೆ. ನಿಮ್ಮ ಮನೆಯಲ್ಲೂ ನೋಡುವುದಾದರೆ ಮೊದಲು ಈ ತುದಿಗಳನ್ನೇ ನೋಡಿ.

ಜಂತೆಯ ಮೇಲೆ ಅಡ್ಡಲಾಗಿ ಹೊಡೆದು ಹೆಂಚು ಕೂರಿಸುವ ರೀಪರ್ ಪಟ್ಟಿಯ ಲೆಕ್ಕ ಇನ್ನೂ ಆಶ್ಚರ್ಯ. ಹೆಂಚಿನ ಸಾಲುಗಳ ನಡುವೆ ಹೆಚ್ಚುಕಮ್ಮಿ ಒಂದಡಿ ಬರುತ್ತದೆ, ಒಂದು ಇಳಿಜಾರಿಗೆ 13 ಸಾಲು, ಒಂದೊಂದೂ 33 ಅಡಿ ಉದ್ದ. ಎರಡೂ ಕಡೆ ಸೇರಿ 850 ಅಡಿ ದಾಟುತ್ತದೆ. ಎರಡು ಇಂಚು ಅಗಲ, ಒಂದು ಇಂಚು ದಪ್ಪ ಅಂದರೆ ಸುಮಾರು 12 ಘನ ಅಡಿ ಮರ. ಸಾಮಿಲ್‌ನಲ್ಲಿ ಘನ ಅಡಿ ಲೆಕ್ಕದಲ್ಲೇ ರೇಟ್ ಹೇಳುತ್ತಾರೆ, ಹಾಗಾಗಿ ಈ ಸಂಖ್ಯೆ ಕೈಯಲ್ಲಿದ್ದರೆ ಮೇಸ್ತ್ರಿ ಹೇಳಿದ ದುಡ್ಡು ಸರಿಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ನಾವು ರೀಪರ್ ಪೂರ್ತಿ ಹೊಸದು ಹಾಕುತ್ತಿದ್ದೇವೆ. ಜಂತೆಯಲ್ಲಿ ತುದಿ ಮಾತ್ರ ಹಾಳಾದವನ್ನು ಕತ್ತರಿಸಿ ಜೋಡು ಹಾಕುತ್ತೇವೆ, ಒಳಗೆ ಪೂರ್ತಿ ಟೊಳ್ಳಾದವನ್ನು ಮಾತ್ರ ಬದಲಾಯಿಸುತ್ತೇವೆ. ಎಲ್ಲಕ್ಕೂ ಗೆದ್ದಲು ಹಿಡಿಯದಂತೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು ಒಣಗಿಸಿ ಆಮೇಲೆ ಏರಿಸುವುದು.

ಮಧ್ಯೆ ಸಂಬಂಧಿಕರ ಒತ್ತಾಯ ಬೇರೆ: 'ಹೆಂಚು ಯಾಕೆ, ಸುಮ್ನೆ ಮೋಲ್ಡ್ ಹಾಕಿಸಿ,' ಅಂದ್ರೆ ಕಾಂಕ್ರೀಟ್ ಚಾವಣಿ. ನಾನು ಒಪ್ಪಲಿಲ್ಲ, ಕಾರಣ ತೂಕ. ಹೆಂಚಿನ ಹೊದಿಕೆ ಚದರ ಮೀಟರಿಗೆ 45 ಕೆಜಿ ಆಸುಪಾಸು. ಐದು ಇಂಚಿನ ಕಾಂಕ್ರೀಟ್ 300 ಕೆಜಿ ದಾಟುತ್ತದೆ. ಮಣ್ಣಿನ ಗೋಡೆಯ ಮೇಲೆ ಅಷ್ಟು ಭಾರ ಹೇರುವ ಹಾಗೇ ಇಲ್ಲ, ಹೊಸ ಕಂಬ, ಹೊಸ ಪಾಯ ಬೇಕು. ಅಂದ್ರೆ ಅದು ಚಾವಣಿ ಬದಲಾವಣೆ ಅಲ್ಲ, ಹೊಸ ಮನೆ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದ್ದು ನಿಜ, ಆದರೆ ಅದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ಹೆಂಚಿನ ಬದಲು ಉಕ್ಕಿನ ಶೀಟು ಹಾಕುವವರಿಗೆ ಒಂದು ಮಾತು. ದಪ್ಪ ಕೇಳುವಾಗ ಪೇಂಟು, ಲೇಪನ ಎಲ್ಲ ಸೇರಿದ ದಪ್ಪವೋ, ಬರೀ ಉಕ್ಕಿನದೋ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿ. ಶೀಟಿನ ಮೇಲೆ ಶೀಟು ಕೂರುವ ಕಡೆ ಅಗಲ ಕಳೆಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಮನೆ ತೋಟದ ಒಳಗಿದೆ, ಒಣ ಗರಿ, ಕಾಯಿ ಬೀಳುವ ಜಾಗ. ಹಾಗಾಗಿ ನಮಗೆ ಶೀಟಿಗಿಂತ ಹೆಂಚೇ ಸರಿ, ಒಡೆದರೆ ಒಂದು ಹೆಂಚು ಬದಲಿಸಿದರೆ ಆಯಿತು.

ಕೊಟ್ಟಿಗೆಯ ಮೇಲೆ ಹಳೇ ಆಸ್‌ಬೆಸ್ಟಾಸ್ ಶೀಟಿದೆ. ಅದನ್ನು ಸುತ್ತಿಗೆಯಲ್ಲಿ ಒಡೆದು ಕೆಡವೋಣ ಅಂದ ಹುಡುಗರನ್ನು ತಡೆದೆ. ಒಣಗಿದ ಶೀಟು ಒಡೆದರೆ ನಾರು ಗಾಳಿಗೆ ಸೇರುತ್ತದೆ, ಅದು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ನೀರು ಹೊಡೆದು, ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಬೇಕು. ದಯವಿಟ್ಟು ಇದರಲ್ಲಿ ಉಳಿತಾಯ ನೋಡಬೇಡಿ.

ಹೆಂಚು ಆರಿಸುವ ಕೆಲಸ ನಮ್ಮ ಅಮ್ಮನದು. ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಟಣ್ ಅಂದರೆ ಈ ಕಡೆ, ಡಬ್ ಅಂದರೆ ಆ ಕಡೆ. ಕೋತಿ ಕಾಟದ ನಡುವೆಯೂ ಅರ್ಧದಷ್ಟು ಗಟ್ಟಿ ಇವೆ. ಆದರೆ ಹಳೇದು ಹೊಸದು ಬೆರೆಸಿ ಹಾಕುವ ಹಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಒಂದೊಂದರ ಅಚ್ಚು ಒಂದೊಂದು ಥರ. ಒಂದು ಹೆಂಚಿನ ಅಂಚು ಪಕ್ಕದ್ದರ ಗಾಡಿಯಲ್ಲಿ (ಅಂಚಿನ ತೋಡಿನಲ್ಲಿ) ಸರಿಯಾಗಿ ಕೂರದಿದ್ದರೆ ಮೊದಲ ಮಳೆಗೇ ಸೋರುತ್ತದೆ. ಅದಕ್ಕೆ ಗಾಳಿಮಳೆ ಜಾಸ್ತಿ ಹೊಡೆಯುವ ಪಡುವಣಕ್ಕೆ ಪೂರ್ತಿ ಹೊಸದು, ಮೂಡಣಕ್ಕೆ ಪೂರ್ತಿ ಹಳೇದು. ಹೊಸ ಹೆಂಚು ಒಂದಕ್ಕೆ ಮನೆ ಬಾಗಿಲಿಗೆ 42 ರೂಪಾಯಿ ಬಿತ್ತು, ಹಾಗಾಗಿ ಅರ್ಧ ಉಳಿದದ್ದು ದೊಡ್ಡ ಉಳಿತಾಯ.

ಕೂಲಿ ಚದರದ ಲೆಕ್ಕದಲ್ಲಿ ಮಾತಾಡಿದ್ದೇವೆ. ಹಳೇದು ಇಳಿಸುವುದು, ಸಾರುವೆ, ಕಸ ಸಾಗಿಸುವ ಟ್ರ್ಯಾಕ್ಟರ್, ಚಾವಣಿಯ ನೆತ್ತಿಗೆ ಹಾಕುವ ರಿಡ್ಜ್ ಹೆಂಚಿನ ಗಾರೆ, ಟಾರ್ಪಾಲು ಇವೆಲ್ಲ ಯಾರ ಖರ್ಚು ಅಂತ ಚೀಟಿಯಲ್ಲಿ ಬರೆಸಿದೆ. ಬಾಯಿಮಾತಲ್ಲಿ ಬಿಟ್ಟರೆ ಇವೇ ಕೊನೆಗೆ ಹತ್ತಿಪ್ಪತ್ತು ಸಾವಿರ ಎಳೆಯುತ್ತವೆ. ಕೂಲಿಯಲ್ಲಿ ಒಂದು ಪಾಲು ಮೊದಲ ಜೋರು ಮಳೆ ಆದ ಮೇಲೆ ಕೊಡುವುದು ಅಂತ ಮೇಸ್ತ್ರಿಯೂ ಒಪ್ಪಿದ್ದಾರೆ. ಏಪ್ರಿಲ್ ಮೇನಲ್ಲಿ ಗುಡುಗು ಮಳೆ ಹೇಗೂ ಬಂದೇ ಬರುತ್ತದೆ, ಅಷ್ಟರೊಳಗೆ ರಿಡ್ಜ್ ಮುಗಿಯಬೇಕು.

ಮೂಡಣ ಕಡೆಯ ಜಂತೆ ತುದಿಗಳನ್ನು ಇನ್ನೂ ನೋಡಬೇಕು. ಅದು ಗೊತ್ತಾದ ಮೇಲೆ ಮರದ ಪೂರ್ತಿ ಬಿಲ್ ಹಾಕುತ್ತೇನೆ. ಅಷ್ಟರಲ್ಲಿ ಗುಬ್ಬಿ, ತಿಪಟೂರು, ತುರುವೇಕೆರೆ ಕಡೆ ಯಾರಾದರೂ ಹಳೇ ಮನೆ ಕೆಡವುತ್ತಿದ್ದರೆ ಹೇಳಿ, ಎರಡು ಗಾಜಿನ ಹೆಂಚು ಬೇಕಾಗಿದೆ, ಅಡುಗೆಮನೆ ಕತ್ತಲೆ.